ಕಡತದಲ್ಲಿ ಇಲ್ಲದ ರೋಗಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗಾದರೂ ಹೋಗಿ, ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ: ಮನೆಯಲ್ಲಿ ದೊಡ್ಡ ಜಡ್ಡು ಬಂದರೆ ಆಗ ಎಲ್ಲಿಗೆ ಒಯ್ಯುತ್ತಿದ್ದಿರಿ? ಇಂಡಿ, ಚಡಚಣದ ಕಡೆಯವರು ಸೊಲ್ಲಾಪುರ ಇಲ್ಲವೆ ಮಿರಜ ಎನ್ನುತ್ತಾರೆ. "ಮಿರಜಕ್ಕ ಒಯ್ದೇವ್ರಿ, ಅದಕ್ಕ ಉಳದಾನ" ಎಂಬ ಮಾತು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಂಬುದು ನಿಮಗೆಲ್ಲ ಗೊತ್ತು. ಬಾಗೇವಾಡಿ, ಮುದ್ದೇಬಿಹಾಳದ ಹಿರಿಯರು ಗದಗ-ಬೆಟಗೇರಿಯ ಜರ್ಮನ್ ದವಾಖಾನಿಯ ಹೆಸರು ತೆಗೆಯುತ್ತಾರೆ. ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಆದದ್ದು 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ಆದದ್ದು 1986ರಲ್ಲಿ. ಅದಕ್ಕೂ ಮುಂಚಿನ ಒಂದು ಶತಮಾನ ಹೊಟ್ಟೆ ಕೊಯ್ಯಬೇಕಾದರೆ, ಕಣ್ಣಿನ ಪೊರೆ ತೆಗೆಯಬೇಕಾದರೆ, ಅಡ್ಡಬಿದ್ದ ಕೂಸನ್ನು ತಾಯಿಯ ಜೀವದೊಂದಿಗೆ ಉಳಿಸಬೇಕಾದರೆ ಜಿಲ್ಲೆ ದಾಟಿ ಹೋಗುವುದೇ ಅನೇಕರಿಗೆ ಇದ್ದ ದಾರಿ. 1884ರಲ್ಲಿ ಹೋಟಗಿಯಿಂದ ಗದಗಿಗೆ ಬಿದ್ದ ಮೀಟರ್‌ಗೇಜ್ ಹಳಿ ಆ ದಾರಿಯನ್ನು ತೆರೆಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಈಗಲೂ ಇವೆ. ಸಿಂದಗಿ, ಮುದ್ದೇಬಿಹಾಳದವರು ಚಕ್ಕಡಿ ಕಟ್ಟಿಕೊಂಡು ಬಂದು ರೈಲು ಹಿಡಿಯಬೇಕಿತ್ತು.

ಆ ಪ್ರಯಾಣದ ಇನ್ನೊಂದು ತುದಿಯಲ್ಲಿ ರೋಗಿಯ ಕೈ ಹಿಡಿದು ನಾಡಿ ನೋಡಿದವರಲ್ಲಿ ಬಹಳಷ್ಟು ಜನ ಪರದೇಶದವರು. ಇಂಥ ಪರದೇಶದ ಆರೋಗ್ಯ ಸೇವಕರಿಗೆ ಸರ್ಕಾರಗಳು ಕೊಟ್ಟ ಕಿರುಕುಳವೇ ಇಂದಿನ ಉಪನ್ಯಾಸದ ವಿಷಯ. ಇದು ದಿಲ್ಲಿಯ ವಿದೇಶಾಂಗ ಕಚೇರಿಯವರು ಮಾತಾಡಬೇಕಾದ ಸಂಗತಿ, ನಮಗೇನು ಎಂದು ಯಾರಿಗಾದರೂ ಅನಿಸಬಹುದು. ನಾನು ಇದನ್ನು ರೋಗಿಯ ಕಡೆಯಿಂದ ನೋಡುತ್ತೇನೆ. ಹಾಗೆ ನೋಡಿದಾಗ ಇದು ನಮ್ಮದೇ ಸಂಗತಿ. ಒಬ್ಬ ವಿದೇಶಿ ವೈದ್ಯನನ್ನೋ ದಾದಿಯನ್ನೋ ಹೊರಡು ಎಂದು ಸರ್ಕಾರ ಹೇಳುವಾಗ ಎರಡು ಪಕ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ಒಂದು ಸರ್ಕಾರ, ಇನ್ನೊಂದು ಆ ವಿದೇಶಿ. ಆ ಆಜ್ಞೆಯ ಪೂರ್ತಿ ಭಾರ ಬೀಳುವುದು ಮೂರನೆಯವನ ಮೇಲೆ, ರೋಗಿಯ ಮೇಲೆ. ಕಡತದಲ್ಲಿ ಅವನ ಹೆಸರೇ ಇರುವುದಿಲ್ಲ.

ಮಿರಜ ಮತ್ತು ಬೆಟಗೇರಿ, ಈ ಎರಡು ದವಾಖಾನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ವಿಲಿಯಂ ವಾನ್ಲೆಸ್ ಕೆನಡಾದಲ್ಲಿ ಹುಟ್ಟಿದವರು, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನಿಂದ 1889ರಲ್ಲಿ ಭಾರತಕ್ಕೆ ಬಂದವರು. ಮಿರಜ ಸಂಸ್ಥಾನದ ಪಟವರ್ಧನ ಅರಸರು ನೆಲ ಕೊಟ್ಟರು. 1894ರಲ್ಲಿ ಆಸ್ಪತ್ರೆ ಎದ್ದಿತು. ಅದರ ಜೊತೆಗೆ ವೈದ್ಯಕೀಯ ಶಾಲೆ ಬಂತು, ಕ್ಷಯದ ಆರೋಗ್ಯಧಾಮ ಬಂತು, ವಾನ್ಲೆಸ್‌ವಾಡಿ ಎಂಬ ಊರೇ ಹುಟ್ಟಿಕೊಂಡಿತು. ಬೆಟಗೇರಿಯದು ಬಾಸೆಲ್ ಮಿಷನ್ನಿನ ನೆಲೆ. ಆ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳನ್ನು ಮುಟ್ಟಿ, 1885ರಲ್ಲಿ ನಮ್ಮ ವಿಜಯಪುರಕ್ಕೂ ಬಂದಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಮತ್ತು ಕಿಟೆಲ್ ಅವರ ನಿಘಂಟು ಎರಡೂ ಈ ಮಿಷನ್ನಿನ ಜನರ ಕೆಲಸ. ಸಂಸ್ಥೆ ಸ್ವಿಟ್ಜರ್‌ಲೆಂಡಿನದು, ಆದರೆ ದುಡಿಯಲು ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಬೆಟಗೇರಿಯ ಆಸ್ಪತ್ರೆಗೆ ಜನ ಜರ್ಮನ್ ದವಾಖಾನಿ ಎಂದದ್ದು ಈ ಕಾರಣಕ್ಕೆ.

1914ರ ಆಗಸ್ಟಿನಲ್ಲಿ ಯುರೋಪಿನಲ್ಲಿ ಯುದ್ಧ ಬಿತ್ತು. ಅದೇ ತಿಂಗಳು ಬ್ರಿಟಿಷ್ ಸರ್ಕಾರ ಭಾರತದಲ್ಲಿ ವಿದೇಶಿಯರ ಸುಗ್ರೀವಾಜ್ಞೆ ಹೊರಡಿಸಿತು. ಬೆಟಗೇರಿಯಿಂದ ವಿಜಯಪುರದವರೆಗೆ ದಶಕಗಟ್ಟಲೆ ಇದ್ದ ಜನ, ಕನ್ನಡ ಆಡುವಷ್ಟು ಈ ನೆಲಕ್ಕೆ ಒಗ್ಗಿದ ಜನ, ಒಂದು ಸಹಿಯಿಂದ ಶತ್ರು ಪ್ರಜೆಗಳಾದರು. ಮೊದಮೊದಲು ಊರು ಬಿಡಬಾರದು ಎಂಬ ಕಟ್ಟಳೆಯಲ್ಲಿ ಇಟ್ಟರು. 1915ರ ಮೇ ತಿಂಗಳಲ್ಲಿ ಜರ್ಮನ್ನರು ಲುಸಿಟಾನಿಯಾ ಹಡಗನ್ನು ಮುಳುಗಿಸಿದ ಮೇಲೆ ದ್ವೇಷ ಏರಿತು. ಗಂಡಸರನ್ನು ಅಹಮದನಗರದ ಶಿಬಿರಕ್ಕೆ ಒಯ್ದರು. ಹೆಂಗಸರು ಮಕ್ಕಳಿಗಾಗಿ ಬೆಳಗಾವಿಯಲ್ಲೂ ಶಿಬಿರ ತೆರೆದರು. ಗೋಲ್ಕೊಂಡಾ ಎಂಬ ಹಡಗು 1915ರ ಕೊನೆಗೊಮ್ಮೆ, 1916ರಲ್ಲಿ ಮತ್ತೊಮ್ಮೆ ಅವರನ್ನು ತುಂಬಿಕೊಂಡು ಯುರೋಪಿಗೆ ಹೊರಟಿತು. ಮಿಷನ್ನಿನ ಹಂಚು, ನೇಕಾರಿಕೆಯ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ದಾಟಿಸಿತು.

ಇದೇ ವರ್ಷಗಳಲ್ಲಿ ಮಿರಜಿನಲ್ಲಿ ವಾನ್ಲೆಸ್ ಅವರ ಕತ್ತರಿ ನಿಲ್ಲಲಿಲ್ಲ. 1928ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. ಕೊಡಬೇಕಾದದ್ದೇ, ಅವರು ಅದಕ್ಕೆ ಸಂಪೂರ್ಣ ಯೋಗ್ಯರು. ಎರಡೂ ಕಡೆ ನಡೆದದ್ದು ಒಂದೇ ಕೆಲಸ, ಬಂದದ್ದು ಒಂದೇ ಬಗೆಯ ಬಡವರು, ಹಾಡಿದ್ದು ಒಂದೇ ಧರ್ಮದ ಹಾಡು. ಬೇರೆ ಇದ್ದದ್ದು ಅವರ ಕಿಸೆಯಲ್ಲಿದ್ದ ಕಾಗದ ಮಾತ್ರ. ಯಾವ ಸರ್ಕಾರವೂ ಯುದ್ಧಕಾಲದಲ್ಲಿ ಶತ್ರು ದೇಶದವರ ಮೇಲೆ ಕಣ್ಣಿಡುತ್ತದೆ, ಇಡಬೇಕು. ನನ್ನ ತಕರಾರು ಅಲ್ಲಿಲ್ಲ. ಹೋಗುವವರ ಜಾಗದಲ್ಲಿ ನಾಳೆ ಬೆಳಿಗ್ಗೆ ಗಾಯ ತೊಳೆಯುವವರು ಯಾರು ಎಂಬ ಪ್ರಶ್ನೆಯನ್ನು ಆ ಆಜ್ಞೆ ತನ್ನ ಒಳಗೆ ಇಟ್ಟುಕೊಂಡಿರಲಿಲ್ಲ, ತಕರಾರು ಅದರ ಬಗ್ಗೆ. ಬೇರೆ ಮಿಷನ್ನುಗಳವರು ಮತ್ತು ಇಲ್ಲಿಯ ಕ್ರೈಸ್ತ ಸಮುದಾಯದವರು ಕೈಲಾದಷ್ಟು ಹೊತ್ತರು. ಅದು ಅವರ ದೊಡ್ಡತನ. ಆಜ್ಞೆ ಮಾಡಿದವರ ಯೋಜನೆಯಲ್ಲಿ ಅದು ಇರಲಿಲ್ಲ.

ಆಮೇಲೆ 1918 ಬಂತು. ಆ ವರ್ಷದ ಸೆಪ್ಟೆಂಬರಿನಿಂದ ಇನ್‌ಫ್ಲುಯೆಂಜಾ ಮುಂಬಯಿ ಇಲಾಖೆಯನ್ನು ಹೊಡೆಯಿತು, ನಮ್ಮ ಜಿಲ್ಲೆ ಆಗ ಅದೇ ಇಲಾಖೆಯಲ್ಲಿತ್ತು. ಇಲಾಖೆಯಲ್ಲಿ ಸತ್ತವರು ಸುಮಾರು 10 ಲಕ್ಷ. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಜರ್ಮನ್ನರು ಇದ್ದಿದ್ದರೆ ಆ ಬೇನೆ ನಿಲ್ಲುತ್ತಿತ್ತು ಎಂದು ಯಾರೂ ಹೇಳಲಾರರು, ಅದಕ್ಕೆ ಆಗ ಔಷಧವೇ ಇರಲಿಲ್ಲ. ಆದರೆ ಔಷಧವಿಲ್ಲದ ಬೇನೆಯಲ್ಲಿ ಜೀವ ಉಳಿಸುವುದು ಆರೈಕೆ: ಬಾಯಿಗೆ ನೀರು, ಹೊತ್ತಿಗೆ ಗಂಜಿ, ಮೈಮೇಲೆ ಒಂದು ಕಂಬಳಿ, ಮಗ್ಗುಲು ಹೊರಳಿಸುವ ಎರಡು ಕೈ. ಮನೆಯವರೆಲ್ಲ ಒಟ್ಟಿಗೆ ಮಲಗಿದ ಹಳ್ಳಿಯಲ್ಲಿ ಹೊರಗಿನಿಂದ ಬರುವ ಆ ಎರಡು ಕೈಗಳ ಬೆಲೆ ಏನೆಂಬುದನ್ನು 2020 ಮತ್ತು 2021ರಲ್ಲಿ ನಾವೂ ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ, ಈ ಸೀಮೆಯ ಭಾಷೆ ಬಲ್ಲ, ಓಣಿ ಓಣಿ ಬಲ್ಲ ಜನ ಶಿಬಿರಗಳಲ್ಲಿ ಇಲ್ಲವೆ ಸಮುದ್ರದ ಆಚೆ ಇದ್ದರು.

ಇನ್ನು ಸ್ವತಂತ್ರ ಭಾರತದ ಮಾತು. ನಮ್ಮ ಸಂವಿಧಾನ ಬಂತು, ಆದರೆ ವಿದೇಶಿಯರ ಕಾನೂನು 1946ರದೇ ಉಳಿಯಿತು. 1955ರಲ್ಲಿ ಸುಪ್ರೀಂ ಕೋರ್ಟು ಹಾನ್ಸ್ ಮುಲ್ಲರ್ ಎಂಬ ಜರ್ಮನ್ನನ ಪ್ರಕರಣದಲ್ಲಿ, ವಿದೇಶಿಯನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲ ಎಂದು ಹೇಳಿತು. ಲೂಯಿ ಡಿ ರೇಟ್ ಎಂಬ ಬೆಲ್ಜಿಯಂ ಮಿಷನರಿ 1937ರಿಂದ ಇಲ್ಲಿದ್ದವರು. ಅವರಿಗೆ 1980ರ ದಶಕದಲ್ಲಿ ಹೊರಡಲು ಆಜ್ಞೆಯಾಯಿತು. 1991ರಲ್ಲಿ ತೀರ್ಪು ಬಂತು: ವಿದೇಶಿಗೆ 21ನೆಯ ವಿಧಿಯಂತೆ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಇದೆ, ಆದರೆ ಇಲ್ಲಿ ನೆಲೆಸುವ ಹಕ್ಕಿಲ್ಲ. ಅರ್ಧ ಶತಮಾನ ಈ ನೆಲದಲ್ಲಿ ಬಾಳಿದ ಮನುಷ್ಯನಿಗೂ ಕಾನೂನು ಅಷ್ಟೇ. 2025ರಲ್ಲಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದು ಹಳೆಯ ನಾಲ್ಕು ಕಾನೂನುಗಳ ಜಾಗದಲ್ಲಿ ಕೂತಿದೆ. ಹೊರಹಾಕುವ ಅಧಿಕಾರ ಅದರಲ್ಲೂ ಹಾಗೆಯೇ ಇದೆ.

ಹಾಗೆಂದು ನಮ್ಮ ಕಾನೂನಿಗೆ ಕರುಣೆಯ ಬಾಗಿಲೇ ಇರಲಿಲ್ಲ ಎನ್ನುವುದು ತಪ್ಪು. 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯ 14ನೆಯ ಸೆಕ್ಷನ್ನು ವಿದೇಶಿ ವೈದ್ಯನಿಗೆ ಪಾಠ, ಸಂಶೋಧನೆ ಮತ್ತು ಧರ್ಮಾರ್ಥ ಸೇವೆಗಾಗಿ ನಿಗದಿತ ಅವಧಿಗೆ ಅನುಮತಿ ಕೊಡುತ್ತಿತ್ತು. ಅವನು ತಾನು ಸೇರಿದ ಸಂಸ್ಥೆಯೊಳಗೇ ಕೆಲಸ ಮಾಡಬೇಕು, ಹೊರಗೆ ಸ್ವಂತ ದವಾಖಾನೆ ಇಡುವಂತಿಲ್ಲ. ಇದು ಒಳ್ಳೆಯ ಕಟ್ಟಳೆ. ಪದವಿ ಏನು, ಎಲ್ಲಿ ದುಡಿಯುತ್ತಾನೆ, ಯಾರಿಗೆ ಉತ್ತರದಾಯಿ, ಇಷ್ಟನ್ನು ಸರ್ಕಾರ ಕೇಳಲೇಬೇಕು. ಇಂಥ ಪ್ರಶ್ನೆ ಕೇಳುವುದನ್ನು ನಾನು ಕಿರುಕುಳ ಎಂದು ಕರೆಯುವುದಿಲ್ಲ. ಪ್ರಶ್ನೆಯನ್ನೇ ಹೇಳದೆ ಉತ್ತರ ತಪ್ಪು ಎನ್ನುವುದು, ಕಾರಣ ಬರೆಯದೆ ಅರ್ಜಿ ತಳ್ಳುವುದು, ತಿಂಗಳುಗಟ್ಟಲೆ ಕೂರಿಸಿ ಕೊನೆಗೆ ಕೆಲವೇ ದಿನಗಳಲ್ಲಿ ಜಾಗ ಖಾಲಿ ಮಾಡು ಎನ್ನುವುದು, ಕಿರುಕುಳ ಅಂದರೆ ಇದು.

ಇದರ ಹತ್ತಿರದ ಉದಾಹರಣೆ ನಮ್ಮ ರಾಜಧಾನಿಯಲ್ಲೇ ಇದೆ. ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿಗೆ ಗುಳೆ ಹೋದವರಿಗೆ ಸುಮನಹಳ್ಳಿ ಎಂದರೆ ಮಾಗಡಿ ರಸ್ತೆಯ ಒಂದು ಬಸ್ ನಿಲ್ದಾಣ, ಒಂದು ಮೇಲ್ಸೇತುವೆ. ಆ ಹೆಸರು ಬಂದದ್ದು ಅಲ್ಲಿರುವ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರದಿಂದ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ನೆಲ ಗುತ್ತಿಗೆ ಕೊಟ್ಟು, ಬೆಂಗಳೂರಿನ ಕ್ಯಾಥೋಲಿಕ್ ಧರ್ಮಪ್ರಾಂತ್ಯ ಹೊಣೆ ಹೊತ್ತು ಶುರುವಾದ ಸಂಸ್ಥೆ ಅದು. ಬ್ರಿಟನ್ನಿನ ಸಿಸ್ಟರ್ ಜಾಕ್ವೆಲಿನ್ ಜೀನ್ ಮೆಕ್‌ಯೂವನ್ 1982ರಿಂದ ಇಲ್ಲಿ ಕುಷ್ಠರೋಗಿಗಳ ಶುಶ್ರೂಷೆ ಮಾಡಿಕೊಂಡಿದ್ದರು. 2011ರಲ್ಲಿ, ಅವರಿಗೆ 63 ವರ್ಷವಾಗಿದ್ದಾಗ, ವೀಸಾ ಮುಂದುವರಿಸಲು ಆಗುವುದಿಲ್ಲ, ದೇಶ ಬಿಡಿ ಎಂದು ಹೇಳಲಾಯಿತು. ಕಾರಣವನ್ನು ಬಿಡಿಸಿ ಹೇಳಿರಲಿಲ್ಲ ಎಂದು ಆಗಿನ ಪತ್ರಿಕೆಗಳು ಬರೆದವು. ಸುಮಾರು ಮೂರು ದಶಕ ಒಂದೇ ಕಡೆ, ಒಂದೇ ಕೆಲಸ, ಪೊಲೀಸ್ ಕಚೇರಿಯಲ್ಲಿ ನೋಂದಣಿಯಾಗಿ, ಕಣ್ಣೆದುರಿಗೇ ಇದ್ದ ಮನುಷ್ಯ!

ಈ ಕೆಲಸ ಎಂಥದು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಆಜ್ಞೆ ಬರೆದವರು ನಿಂತು ನೋಡಲಿಲ್ಲ. ಕುಷ್ಠರೋಗಕ್ಕೆ ಇವತ್ತು ಔಷಧವಿದೆ. ಬಹುಔಷಧ ಚಿಕಿತ್ಸೆಯನ್ನು 6 ತಿಂಗಳು ಅಥವಾ 12 ತಿಂಗಳು ತೆಗೆದುಕೊಂಡರೆ ರೋಗಾಣು ಸಾಯುತ್ತದೆ. ಗುಳಿಗೆ ಪುಕ್ಕಟೆ ಸಿಗುತ್ತದೆ. 2005ರ ಕೊನೆಯಲ್ಲಿ ಭಾರತ, 10,000ಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಮಟ್ಟ ಮುಟ್ಟಿದೆ ಎಂದು ಘೋಷಿಸಿತು. ಇಷ್ಟೂ ನಿಜ. ಆದರೆ ತಡವಾಗಿ ಬಂದವನ ನರ ಸತ್ತು ಹೋಗಿರುತ್ತದೆ, ಗುಳಿಗೆ ಅದನ್ನು ಹುಟ್ಟಿಸುವುದಿಲ್ಲ. ಅಂಗಾಲಿಗೆ ಸ್ಪರ್ಶ ಇಲ್ಲ. ಮುಳ್ಳು ಮುರಿದರೂ ಗೊತ್ತಾಗುವುದಿಲ್ಲ, ಚಪ್ಪಲಿಯ ಮೊಳೆ ಒತ್ತಿದರೂ ಗೊತ್ತಾಗುವುದಿಲ್ಲ, ಒಲೆಯ ಕೆಂಡ ತಾಗಿದರೂ ಗೊತ್ತಾಗುವುದಿಲ್ಲ. ನೋಯದ ಗಾಯದ ಮೇಲೆ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಹುಣ್ಣು ಎಲುಬಿಗೆ ಇಳಿಯುತ್ತದೆ, ಬೆರಳು ಹೋಗುತ್ತದೆ, ಕಾಲು ಹೋಗುತ್ತದೆ. ತಡೆಯುವ ದಾರಿ ಒಂದೇ: ದಿನವೂ ಕಾಲು ನೀರಿನಲ್ಲಿ ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ತೊಳೆದು ಪಟ್ಟಿ ಕಟ್ಟಬೇಕು. ಜೀವ ಇರುವವರೆಗೂ. ಪಟ್ಟಿ ಕಟ್ಟುವವರಿಗೆ ಪ್ರತಿ ಕಾಲೂ ಗುರುತಿರುತ್ತದೆ, ಯಾರ ಎಡಹಿಮ್ಮಡಿ ಬೇಸಿಗೆಯಲ್ಲಿ ಬಿರಿಯುತ್ತದೆ, ಯಾರು ಕೊಟ್ಟ ಬೂಟು ಹಾಕದೆ ಬರಿಗಾಲಿನಲ್ಲಿ ತಿರುಗುತ್ತಾರೆ, ಎಲ್ಲ. ಮನೆಯವರೇ ಮುಟ್ಟದೆ ಬಿಟ್ಟ ಕಾಲು ಅದು. ಅದನ್ನು ಮೊದಲ ಸಲ ತೊಡೆಯ ಮೇಲೆ ಇಟ್ಟುಕೊಂಡವರ ಮೇಲೆ ರೋಗಿಗೆ ಹುಟ್ಟುವ ನಂಬಿಕೆ, ಒಬ್ಬ ನೌಕರನಿಂದ ಇನ್ನೊಬ್ಬನಿಗೆ ಅಧಿಕಾರ ವಹಿಸಿಕೊಟ್ಟ ಹಾಗೆ ವಹಿಸಿಕೊಡಲು ಬರುವಂಥದಲ್ಲ.

ಸುದ್ದಿ ಹಬ್ಬಿತು, ದೇಶದೊಳಗೂ ಬ್ರಿಟನ್ನಿನಲ್ಲೂ ಪತ್ರಿಕೆಗಳು ಬರೆದವು, ಕೇಂದ್ರ ಗೃಹ ಸಚಿವಾಲಯ ನಿರ್ಧಾರ ಬದಲಿಸಿ ಅವರಿಗೆ ಉಳಿಯಲು ಅವಕಾಶ ಕೊಟ್ಟಿತು. ಆಗ ಪಿ. ಚಿದಂಬರಂ ಗೃಹ ಸಚಿವರು. ಬದಲಿಸಿದ್ದು ಒಳ್ಳೆಯದಾಯಿತು, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಪತ್ರಿಕೆಗೆ ಸುದ್ದಿ ಮುಟ್ಟದ ದವಾಖಾನೆಗಳ ಗತಿ ಏನು? ಬೆಂಗಳೂರಿನ ರೋಗಿಗಳ ಬಳಿಗೆ ಕ್ಯಾಮೆರಾ ಹೋಗುತ್ತದೆ. ಆಲಮೇಲದ, ತಾಳಿಕೋಟಿಯ ರೋಗಿಯ ಬಳಿಗೆ ಹೋಗುತ್ತದೆಯೇ? ನ್ಯಾಯ ಸಿಗುವುದು ಸುದ್ದಿಯ ಮೇಲೆ ನಿಂತರೆ ಅದನ್ನು ನ್ಯಾಯ ಎನ್ನಲಾಗದು.

ಮತಾಂತರದ ಪ್ರಶ್ನೆಯನ್ನು ಬದಿಗೆ ಸರಿಸಿ ಈ ವಿಷಯ ಮಾತಾಡುವುದು ಪ್ರಾಮಾಣಿಕವಲ್ಲ. ಮಿಷನ್ನಿನವರು ತಮ್ಮ ಧರ್ಮ ಸಾರಲೆಂದೂ ಬಂದರು, ಅದನ್ನು ಅವರೇ ಮುಚ್ಚಿಡಲಿಲ್ಲ. ಸಂಕಟದಲ್ಲಿರುವವನ ಹಾಸಿಗೆಯ ಬಳಿ ನಿಂತು ಧರ್ಮದ ಮಾತಾಡುವುದು ಸರಿಯೇ ಎಂಬ ಪ್ರಶ್ನೆ ಗಟ್ಟಿ ಪ್ರಶ್ನೆ. ಅಸಹಾಯಕನ ಮೇಲೆ ಒತ್ತಡ ಹಾಕಿದ್ದರೆ ಅದನ್ನು ನಾನು ಒಪ್ಪುವವನಲ್ಲ. ಹಾಗೆ ನಡೆದಿದೆ ಎಂದು ಸರ್ಕಾರಕ್ಕೆ ಅನಿಸಿದರೆ ಆರೋಪ ಬರೆಯಲಿ, ಸಾಕ್ಷ್ಯ ಇಡಲಿ, ರೋಗಿಗಳನ್ನೇ ಕರೆದು ಕೇಳಲಿ. ಅವರಿಗಿಂತ ದೊಡ್ಡ ಸಾಕ್ಷಿ ಯಾರಿದ್ದಾರೆ? ಕಾರಣ ಹೇಳದ ಆಜ್ಞೆಯಲ್ಲಿ ಆರೋಪವೇ ಇರುವುದಿಲ್ಲ, ಆದ್ದರಿಂದ ಖುಲಾಸೆಯೂ ಇರುವುದಿಲ್ಲ. ಅನುಮಾನ ಮಾತ್ರ ಉಳಿಯುತ್ತದೆ. ಅದು ಹೋದವರ ಬೆನ್ನಿಗೂ ಅಂಟುತ್ತದೆ, ಅವರ ಕೈಯಲ್ಲಿ ಗುಣವಾದವರ ಹಣೆಗೂ ಅಂಟುತ್ತದೆ.

ಕೋಲ್ಕತ್ತದ ಡಾ. ಜಾಕ್ ಪ್ರೆಗರ್ ಧರ್ಮ ಸಾರಲು ಬಂದವರಲ್ಲ. ಇಂಗ್ಲೆಂಡಿನವರು, ಒಕ್ಕಲುತನ ಮಾಡಿಕೊಂಡಿದ್ದು ನಡುವಯಸ್ಸಿನಲ್ಲಿ ವೈದ್ಯಕೀಯ ಓದಿದವರು. 1972ರಲ್ಲಿ ನಿರಾಶ್ರಿತರ ಸೇವೆಗೆ ಬಾಂಗ್ಲಾದೇಶಕ್ಕೆ ಬಂದರು. ಅಲ್ಲಿ ಮಕ್ಕಳ ಕಳ್ಳಸಾಗಣೆಯ ವಿರುದ್ಧ ಬಾಯಿಬಿಟ್ಟರು, 1979ರಲ್ಲಿ ಆ ಸರ್ಕಾರ ಅವರನ್ನು ಹೊರಗೆ ಹಾಕಿತು. ಕೋಲ್ಕತ್ತಕ್ಕೆ ಬಂದು ಮಿಡಲ್ಟನ್ ರೋ ಬೀದಿಯ ಫುಟ್‌ಪಾತಿನಲ್ಲೇ ದವಾಖಾನೆ ನಡೆಸಿದರು. ಇಲ್ಲಿ ಅನುಮತಿಯಿಲ್ಲ ಎಂಬ ಕಾರಣಕ್ಕೆ ಬಂಧನ, ಜೈಲು, ವರ್ಷಗಟ್ಟಲೆ ಕೋರ್ಟಿನ ಅಲೆದಾಟ. ತಾರೀಖು ಮುಗಿಸಿಕೊಂಡು ಬಂದು ಅದೇ ಫುಟ್‌ಪಾತಿನಲ್ಲಿ ಮತ್ತೆ ಕೂರುತ್ತಿದ್ದರು. ಅವರು ಕಟ್ಟಿದ ಕಲ್ಕತ್ತಾ ರೆಸ್ಕ್ಯೂ ಸಂಸ್ಥೆ ಇಂದಿಗೂ ನಡೆದಿದೆ. ಅವರು 2019ರಲ್ಲಿ ತಮ್ಮಿಚ್ಛೆಯಿಂದ ನಿವೃತ್ತರಾಗಿ ಹೋದರು. ಅನುಮತಿ ಕೊಡಬೇಕಾದವರೇ ಕೊಡದೆ ಕೂತು, ಅನುಮತಿ ಇಲ್ಲ ಎಂದು ಹಿಡಿದು ಒಳಗೆ ಹಾಕುವುದು ಎಂಥ ಧರ್ಮ?

ಇನ್ನೊಂದು ಬದಿಯನ್ನೂ ನೋಡೋಣ. ಉಗಾಂಡದ ಜಿಂಜಾ ಎಂಬ ಊರಿನಲ್ಲಿ ವೈದ್ಯಕೀಯ ಓದಿಲ್ಲದ ಅಮೆರಿಕದ ತರುಣಿಯೊಬ್ಬಳು ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರ ತೆರೆದಳು. ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. 2015ರಲ್ಲಿ ಅಲ್ಲಿಯ ಆರೋಗ್ಯಾಧಿಕಾರಿಗಳು ಕೇಂದ್ರವನ್ನು ಮುಚ್ಚಿಸಿದರು. 2019ರಲ್ಲಿ ಮಕ್ಕಳ ತಾಯಂದಿರು ಕೋರ್ಟಿಗೆ ಹೋದರು. ಇಂಥ ಕಡೆ ಸರ್ಕಾರ ತಡವಾಗಿ ಬಂತು ಎಂಬುದೇ ದೂರು. ಒಳ್ಳೆಯ ಮನಸ್ಸು ಪದವಿಗೆ ಬದಲಿಯಲ್ಲ. ಅಲ್ಲಿ ಕಡತ ತೆರೆದದ್ದೂ ತಾಯಂದಿರ ಹೆಸರಿನಲ್ಲಿ ಎಂಬುದನ್ನು ಗಮನಿಸಿ.

ರೋಗಿಯ ಸಂಕಟವನ್ನೇ ಸರ್ಕಾರ ಆಯುಧ ಮಾಡಿಕೊಂಡದ್ದೂ ಉಂಟು. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ 400ಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿತು. 1999ರಲ್ಲಿ ಬಲ್ಗೇರಿಯಾದ ಐವರು ದಾದಿಯರನ್ನೂ ಒಬ್ಬ ಪ್ಯಾಲೆಸ್ಟೀನಿ ವೈದ್ಯನನ್ನೂ ಹಿಡಿದು, ಬೇಕೆಂದೇ ಸೋಂಕು ಹಚ್ಚಿದರು ಎಂಬ ಆರೋಪ ಹೊರಿಸಿದರು. 2004ರಲ್ಲಿ ಮರಣದಂಡನೆ, 2006ರಲ್ಲಿ ಮತ್ತೊಮ್ಮೆ ಮರಣದಂಡನೆ. ಅವರು ಆ ದೇಶಕ್ಕೆ ಕಾಲಿಡುವ ಮೊದಲೇ ವೈರಾಣು ಆ ಆಸ್ಪತ್ರೆಯಲ್ಲಿ ಹರಡುತ್ತಿತ್ತು ಎಂದು ವಿಜ್ಞಾನಿಗಳು ತೋರಿಸಿಕೊಟ್ಟರು. ಎಂಟು ವರ್ಷಗಳ ಮೇಲೆ, 2007ರ ಜುಲೈನಲ್ಲಿ ಬಿಡುಗಡೆ. ಆ ಮಕ್ಕಳ ತಂದೆತಾಯಿಗಳ ಸಿಟ್ಟು ಸುಳ್ಳಲ್ಲ, ಅವರ ದುಃಖ ಸುಳ್ಳಲ್ಲ. ಅದನ್ನು ಪರದೇಶದ ದಾದಿಯರ ಕಡೆಗೆ ತಿರುಗಿಸಿ, ತನ್ನ ಆಸ್ಪತ್ರೆಯ ಕೊಳಕನ್ನು ಮುಚ್ಚಿಕೊಂಡದ್ದು ಸರ್ಕಾರ. 2009ರಲ್ಲಿ ಸುಡಾನ್ ತನ್ನ ಅಧ್ಯಕ್ಷನ ಮೇಲೆ ಅಂತರರಾಷ್ಟ್ರೀಯ ವಾರಂಟು ಬಂದ ಕೂಡಲೆ 13 ವಿದೇಶಿ ಸೇವಾ ಸಂಸ್ಥೆಗಳನ್ನು ದಾರ್ಫುರದಿಂದ ಎಬ್ಬಿಸಿತು. ಅಧ್ಯಕ್ಷನ ಸಿಟ್ಟಿಗೆ ನಿರಾಶ್ರಿತರ ಶಿಬಿರದ ದವಾಖಾನೆ ಬಲಿ.

ಈಗ ನಮ್ಮ ನೆರೆಯ ಸೊಲ್ಲಾಪುರಕ್ಕೆ ಬರೋಣ. ಇಂಡಿಯವರಿಗೆ ಅದು ಸಂತೆಯ ಊರು, ಬಟ್ಟೆಯ ಊರು, ಕನ್ನಡ ಮನೆಮಾತಿನವರು ಓಣಿ ಓಣಿಯಲ್ಲಿರುವ ಊರು. 1910ರಲ್ಲಿ ಅಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ಸು 1938ರಲ್ಲಿ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಸುಭಾಷಚಂದ್ರ ಬೋಸರು ಆಗ ಕಾಂಗ್ರೆಸ್ ಅಧ್ಯಕ್ಷರು. ಚೀನಾದ ಯಾವ ಭಾಗದಲ್ಲಿ ಯಾರ ಆಡಳಿತ ಎಂಬುದೇ ಜಗಳವಾಗಿದ್ದ ಕಾಲದಲ್ಲಿ ಆ ತಂಡ 1939ರ ಫೆಬ್ರವರಿಯಲ್ಲಿ ಯಾನಾನ್ ಮುಟ್ಟಿತು. ಉಳಿದವರು ಒಬ್ಬೊಬ್ಬರಾಗಿ ಮರಳಿದರು, ಕೋಟ್ನಿಸ್ ಮರಳಲಿಲ್ಲ. ಚೀನೀ ಭಾಷೆ ಕಲಿತರು, ಅಲ್ಲಿಯ ದಾದಿಯನ್ನು ಮದುವೆಯಾದರು, ಬೆಥೂನ್ ಹೆಸರಿನ ಆಸ್ಪತ್ರೆಯ ನಿರ್ದೇಶಕರಾದರು, 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡರು. ಆಗ ವಯಸ್ಸು 32. ಅವರ ಪ್ರತಿಮೆ ಚೀನಾದಲ್ಲಿದೆ, ಸ್ಮಾರಕ ಸೊಲ್ಲಾಪುರದಲ್ಲಿದೆ. ಅವರ ಹೆಸರು ಬಂದಾಗ ನಮಗೆ ಎದೆ ತುಂಬುತ್ತದೆ. ಚೀನಾದ ಕಣ್ಣಿನಲ್ಲಿ ಕೋಟ್ನಿಸ್ ಏನಾಗಿದ್ದರೋ, ಸುಮನಹಳ್ಳಿಯ ರೋಗಿಗಳ ಕಣ್ಣಿನಲ್ಲಿ ಸಿಸ್ಟರ್ ಜೀನ್ ಅದೇ. ನಮ್ಮವರು ಅಲ್ಲಿ ಹೋಗಿ ಮಾಡಿದ್ದು ತ್ಯಾಗವಾದರೆ ಅವರು ಇಲ್ಲಿ ಬಂದು ಮಾಡಿದ್ದು ಅನುಮಾನದ ಕೆಲಸ ಹೇಗಾಗುತ್ತದೆ?

ಬಸವನ ಬಾಗೇವಾಡಿಯವರ ಮುಂದೆ ಇನ್ನೊಂದು ಮಾತು ಹೇಳಲೇಬೇಕು. ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯ ಬಂದ, ಅಫ್ಘಾನಿಸ್ತಾನದ ಕಡೆಯಿಂದ ಮರುಳಶಂಕರದೇವ ಬಂದ ಎಂದು ಶರಣ ಪರಂಪರೆ ಹೆಮ್ಮೆಯಿಂದ ನೆನೆಯುತ್ತದೆ. ವೈದ್ಯ ಸಂಗಣ್ಣನ ಕಾಯಕ ಹೆಸರೇ ಹೇಳುವಂತೆ ವೈದ್ಯ. ಆ ಸಮುದಾಯ ಹೊರಗಿನಿಂದ ಬಂದವನನ್ನು ಅಳೆದದ್ದು ಅವನ ಕಾಯಕದಿಂದ.

ಹಣದ ದಾರಿಯಿಂದಲೂ ಕೆಲಸ ನಿಲ್ಲಿಸಬಹುದು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಮೊದಲು ಬಂದದ್ದು ತುರ್ತು ಪರಿಸ್ಥಿತಿಯ 1976ರಲ್ಲಿ. 2010ರಲ್ಲಿ ಹೊಸದಾಯಿತು, 2020ರಲ್ಲಿ ಬಿಗಿಯಾಯಿತು. ಹಣ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಸರ್ಕಾರ ಕೇಳುವುದು ನ್ಯಾಯ. ಆದರೆ 2021ರ ಡಿಸೆಂಬರ್ 25ರಂದು ಮಿಷನರೀಸ್ ಆಫ್ ಚಾರಿಟಿಗೆ ಈ ಕಾಯ್ದೆಯ ನೋಂದಣಿಯ ನವೀಕರಣ ನಿರಾಕರಿಸಿ, ಎರಡು ವಾರದೊಳಗೆ ಮತ್ತೆ ಕೊಟ್ಟದ್ದನ್ನು ನೋಡಿದರೆ, ಸಂಸ್ಥೆ ಆ ಎರಡು ವಾರದಲ್ಲಿ ಬದಲಾಯಿತೇ, ಇಲ್ಲ ನಿರ್ಧಾರವೇ ಪೂರ್ತಿ ಯೋಚಿಸಿದ್ದಲ್ಲವೇ? ಅಷ್ಟು ದೊಡ್ಡ ಹೆಸರಿಲ್ಲದ ಸಣ್ಣ ದವಾಖಾನೆಗೆ ಆ ಎರಡು ವಾರ ಎರಡು ವರ್ಷವಾದರೆ ಅಲ್ಲಿಯ ಹಾಸಿಗೆಗಳು ಖಾಲಿಯಾಗುತ್ತವೆ.

ನಮ್ಮ ಜನಕ್ಕೆ ನಮ್ಮವರೇ ಡಾಕ್ಟರು, ನಮ್ಮ ಸರ್ಕಾರದ್ದೇ ದವಾಖಾನೆ ಆಗಬೇಕು; ವಿಜಯಪುರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂಬ ಬೇಡಿಕೆಯ ಜೊತೆ ನಾನೂ ನಿಲ್ಲುತ್ತೇನೆ. ಪರದೇಶದವರು ಬಂದು ಕಾಪಾಡಲಿ ಎಂದು ಕಾಯುವ ಕಾಲ ಮುಗಿಯಬೇಕು. ಅದು ಮುಗಿಯುವವರೆಗೆ, ಇದ್ದವರನ್ನು ಕಳಿಸಲೇಬೇಕಾಗಿ ಬಂದಾಗ, ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಕಾರಣವನ್ನು ಬರೆದು ಕೊಡಲಿ. ಉತ್ತರಕ್ಕೆ ಸಮಯ ಕೊಡಲಿ. ಆಜ್ಞೆಗೆ ಸಹಿ ಬೀಳುವ ಮೊದಲು ಜಿಲ್ಲಾ ಆರೋಗ್ಯಾಧಿಕಾರಿ ಆ ದವಾಖಾನೆಗೆ ಹೋಗಿ, ಯಾರಿಗೆ ದಿನದ ಪಟ್ಟಿ ಇದೆ, ಯಾರಿಗೆ ಕ್ಷಯದ ಗುಳಿಗೆ ನಡುವೆ ಇದೆ, ಯಾವ ಬಸುರಿಗೆ ದಿನ ಹತ್ತಿರವಾಗಿದೆ ಎಂದು ಪಟ್ಟಿ ಮಾಡಲಿ, ಆ ಕೆಲಸ ಯಾರ ಕೈಗೆ ಹೋಗುತ್ತದೆ ಎಂದು ಹೆಸರು ಬರೆಯಲಿ. ಆ ಪಟ್ಟಿ ಆಜ್ಞೆಯ ಭಾಗವಾಗಲಿ, ಅದಿಲ್ಲದ ಆಜ್ಞೆ ಜಾರಿಯಾಗದಿರಲಿ. ನಮ್ಮ ಶಾಸಕರು, ಸಂಸದರು ಇದನ್ನು ಕೇಳಬಹುದು, ಅದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ.

ಕೊನೆಯದಾಗಿ ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ. 1914ರಿಂದ ಈಚೆಗಿನ ಈ ಕಥೆಯಲ್ಲಿ ಮಿಷನ್ನಿನವರ ಪತ್ರಗಳು, ಚಿತ್ರಗಳು ಬಾಸೆಲ್ ನಗರದ ಪತ್ರಾಗಾರದಲ್ಲಿ ಜೋಪಾನವಾಗಿವೆ. ಸರ್ಕಾರದ ಕಡತಗಳು ಮುಂಬಯಿ, ದಿಲ್ಲಿಯ ಪತ್ರಾಗಾರಗಳಲ್ಲಿವೆ. ರೋಗಿಯ ಮಾತು ಇರುವುದು ನಿಮ್ಮ ಮನೆಗಳಲ್ಲಿ. ಮಿರಜಿಗೆ ಹೋದವರು, ಬೆಟಗೇರಿಗೆ ಹೋದವರು, ಸೊಲ್ಲಾಪುರಕ್ಕೆ ಹೋದವರು ಇನ್ನೂ ಇದ್ದಾರೆ. ಅವರ ತಂದೆತಾಯಿ ಹೇಳಿದ್ದು ಅವರಿಗೆ ನೆನಪಿದೆ. ಯಾವ ಬೇನೆಗೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಖರ್ಚಾಯಿತು, ಏನು ಮಾರಿದಿರಿ, ಡಾಕ್ಟರು ಯಾವ ಭಾಷೆಯಲ್ಲಿ ಮಾತಾಡಿಸಿದರು, ಧರ್ಮದ ಮಾತು ಬಂತೇ, ಬಂದಿದ್ದರೆ ನಿಮಗೆ ಏನನಿಸಿತು, ಅವರು ಹೋದ ಮೇಲೆ ಯಾರ ಬಳಿ ಹೋದಿರಿ. ಇಷ್ಟನ್ನು ಅವರದೇ ಮಾತಿನಲ್ಲಿ, ತಿದ್ದದೆ, ಬರೆದುಕೊಳ್ಳಿ. ಹೊಗಳಿಕೆ ಬಂದರೆ ಹೊಗಳಿಕೆ, ಬೈಗುಳ ಬಂದರೆ ಬೈಗುಳ. ರೈಲು ಹಳಿಯ ಮಗ್ಗುಲಿನ ಊರುಗಳಿಂದ ಶುರು ಮಾಡಿದರೆ ಸುಲಭ: ಲಚ್ಯಾಣ, ಇಂಡಿ ರೋಡ್, ಮಿಂಚನಾಳ, ಬಸವನ ಬಾಗೇವಾಡಿ ರೋಡ್, ಆಲಮಟ್ಟಿ. ಅಲ್ಲಿಂದ ಚಕ್ಕಡಿಯ ದಾರಿ ಹಿಡಿದು ಸಿಂದಗಿ, ಮುದ್ದೇಬಿಹಾಳದ ಕಡೆಗೆ ಹೋಗಿ. ಬರೆದದ್ದನ್ನು ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪ್ರತಿ, ಜಿಲ್ಲಾ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಒಂದು ಪ್ರತಿ ಇಡಿ.